ಕಚ್ಚುವ ತಳಿ

"ಈ ನಾಯೀನ ವಾಪಸ್ ತಗೊಳ್ಳಿ" ಎಂದ ಸಾದಲಿಯ ಮುನಿಶಾಮಪ್ಪ, ಚಿಂತಾಮಣಿಯ ಚನ್ನಕೇಶವನ ಅಂಗಳದಲ್ಲಿ ಎತ್ತಿನ ಗಾಡಿ ನಿಲ್ಲಿಸಿದವನೇ. "ನೀವು ನನಗೆ ಕೊಟ್ಟಿದ್ದು ಕೆಟ್ಟ ತಳಿ."

ಚನ್ನಕೇಶವ ಮಿಲಿಟರಿ ಬಿಟ್ಟು ಬಂದ ಮೇಲೆ ಸೀಮೆನಾಯಿ ಸಾಕಿ ಮರಿ ಮಾರುತ್ತಿದ್ದವನು. ಗಾಡಿಯೊಳಗೆ ಹುಲ್ಲಿನ ಮೇಲೆ ಮುದುಡಿ ಮಲಗಿದ್ದ ಟೈಗರನ್ನು ಒಮ್ಮೆ ನೋಡಿ, "ಯಾರಿಗೆ ಕಚ್ಚಿತು?" ಎಂದ.

ಮುನಿಶಾಮಪ್ಪನಿಗೆ ಚುರುಕ್ ಎಂದಿತು. "ಕಚ್ಚಿತು ಅಂತ ನಾನಿನ್ನೂ ಹೇಳೇ ಇಲ್ವಲ್ಲ?"

ಕಚ್ಚಿದ್ದು ಕೂಲಿಯಾಳು ಕೊಂಡಮ್ಮನಿಗೆ. ಮುನಿಶಾಮಪ್ಪನ ರೇಷ್ಮೆ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು ತಂದವಳ ಮೀನಖಂಡಕ್ಕೆ ಟೈಗರ್ ಬಾಯಿ ಹಾಕಿತ್ತು. ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಆಕೆಗೆ ಹೊಕ್ಕುಳ ಸುತ್ತ ಸೂಜಿ ಚುಚ್ಚುತ್ತಿದ್ದರು. ಮುನಿಶಾಮಪ್ಪ ಮೊದಲು ಅವಳನ್ನೇ ಅನುಮಾನಿಸಿದ್ದ. ರೇಷ್ಮೆಗೂಡಿಗೆ ಕೈ ಹಾಕಿರಬೇಕು, ಸುಮ್ಮಸುಮ್ಮನೆ ನಾಯಿ ಯಾಕೆ ಕಚ್ಚುತ್ತೆ? ಆಸ್ಪತ್ರೆಗೆ ಹೋಗಿ ಕೇಳಿಯೂ ಬಿಟ್ಟಿದ್ದ. ಆಕೆ ಅಳಲಿಲ್ಲ. "ತಲೆ ಮೇಲೆ ಹೊರೆ ಇತ್ತು, ಎರಡು ಕೈಲೂ ಹಿಡ್ಕೊಂಡಿದ್ದೆ. ಯಾವ ಕೈಲಿ ಕದೀಲಿ ಸ್ವಾಮಿ?" ಎಂದಿದ್ದಳು. ಆ ಮಾತಿಗೆ ನಿಲ್ಲಲಾರದ ಅನುಮಾನ ಈಗ ಚಿಂತಾಮಣಿಯ ದಾರಿ ಹಿಡಿದಿತ್ತು.

"ಕತ್ತಲೆ ಕೋಣೇಲಿ ಕಟ್ಟಿದ್ರಾ ಗೌಡ್ರೇ?" ಚನ್ನಕೇಶವ ಕೇಳಿದ. "ಅನ್ನಕ್ಕೆ ಮೆಣಸಿನಪುಡಿ ಕಲಸ್ತಿದ್ರಾ?"

"ರೋಷ ಬರಲಿ ಅಂತ... ಎಲ್ಲರೂ ಮಾಡ್ತಾರಲ್ಲ."

"ಮತ್ತೆ ತಳಿ ಮೇಲೆ ಯಾಕೆ ಹಾಕ್ತೀರಿ?"

ಅಷ್ಟರಲ್ಲಿ ಚನ್ನಕೇಶವನ ಹೆಂಡತಿ ಮಂಗಮ್ಮ ಮಜ್ಜಿಗೆ ತಂದಳು. ಅಂಗಳದ ಮೂಲೆಯ ಕೊಟ್ಟಿಗೆಯೊಳಗಿಂದ ಯಾವುದೋ ನಾಯಿ ಗುರುಗುಟ್ಟಿತು. ಆಕೆ ಆ ಬಾಗಿಲ ಹತ್ತಿರ ಸುಳಿಯದೆ, ಗೋಡೆಗೆ ಆತುಕೊಂಡು ಬಳಸಿ ಬಂದಳು.

"ಅದ್ಯಾವುದಮ್ಮಾ?"

"ನಿಮ್ಮ ಟೈಗರಿನ ಅಪ್ಪ." ಸೆರಗು ಸರಿಸಿ ಮುಂಗೈ ತೋರಿಸಿದಳು. ಚರ್ಮ ಸುಕ್ಕಾಗಿ ಕೂಡಿಕೊಂಡಿತ್ತು. "ಅನ್ನ ಹಾಕೋ ಕೈಯನ್ನೂ ಬಿಡಲಿಲ್ಲ."

ಗಂಡ ಕಣ್ಣು ಕೆಕ್ಕರಿಸಿದ. ಆಕೆ ಲೋಟ ಇಟ್ಟು ಒಳಗೆ ಹೋದಳು.

"ಗೊತ್ತಿದ್ದೂ ಅದರ ಮರೀನೇ ಕೊಟ್ರಾ?" ಮುನಿಶಾಮಪ್ಪನ ದನಿ ಏರಿತು.

"ಸಾಧು ಜಾತಿದೂ ತೋರಿಸಿದ್ದೆ. ನೀವೇ ಬೇಡ ಅಂದ್ರಿ. ಕಳ್ಳರು ಹೆದರೋ ಅಂಥದು ಬೇಕು ಅಂದ್ರಿ. ಈಗೇನು, ಬಿಟ್ಟು ಹೋಗಿ. ನನ್ನ ತಕರಾರಿಲ್ಲ."

ಇಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ ಎಂದು ಮುನಿಶಾಮಪ್ಪನಿಗೆ ಮತ್ತೆ ಅನುಮಾನ ಹುಟ್ಟಿತು. ಮಂಚೇನಹಳ್ಳಿಯಿಂದ ಮರಿ ಕೊಳ್ಳಲು ಬಂದು ಇಷ್ಟು ಹೊತ್ತೂ ಜಗಲಿಯ ಮೇಲೆ ಕೂತಿದ್ದ ಆವಲಪ್ಪ ಎದ್ದು ಗಾಡಿಯ ಹತ್ತಿರ ಬಂದ.

"ನಿಜವಾಗ್ಲೂ ಕಚ್ಚುತ್ತಾ ಅಣ್ಣಾ?"

ಇವನನ್ನಾದರೂ ಎಚ್ಚರಿಸೋಣವೆಂದು ಮುನಿಶಾಮಪ್ಪ ಮುಚ್ಚುಮರೆಯಿಲ್ಲದೆ ಹೇಳಿದ: "ಕೂಲಿ ಹೆಂಗಸಿನ ಕಾಲಿನ ಮಾಂಸಾನೇ ಕಿತ್ತುಹಾಕಿದೆಯಪ್ಪ. ಆ ಹೆಂಗಸು ಇನ್ನು ನೆಟ್ಟಗೆ ನಡೀತಾಳೋ ಇಲ್ವೋ, ಡಾಕ್ಟರೇ ಹೇಳ್ತಿಲ್ಲ."

ಆವಲಪ್ಪನ ಮುಖ ಅರಳಿತು. "ಹಾಗಾದ್ರೆ ಇದೇ ಇರಲಿ! ದ್ರಾಕ್ಷಿ ತೋಟಕ್ಕೆ ಇಂಥದ್ದೇ ಹುಡುಕ್ತಿದ್ದೆ."

ಚನ್ನಕೇಶವ ಸರಪಳಿಗೆ ಕೈ ಚಾಚಿದ. ಚಾಚಿದ ಕೈ ಕಂಡು ಟೈಗರ್ ಬೊಗಳಲಿಲ್ಲ. ಕಿವಿ ಮಡಚಿ ಗಾಡಿಯ ಮೂಲೆಗೆ ಸರಿದು ನಡುಗಿತು. ತಾನು ಕೋಲು ಹಿಡಿದು ಕತ್ತಲೆ ಕೋಣೆಗೆ ನುಗ್ಗುತ್ತಿದ್ದಾಗಲೂ ಅದು ಹೀಗೇ ಮೂಲೆ ಸೇರುತ್ತಿತ್ತು ಎಂಬುದು ಮುನಿಶಾಮಪ್ಪನಿಗೆ ನೆನಪಾಯಿತು. ಸರಪಳಿಯನ್ನು ತನ್ನ ಮುಷ್ಟಿಗೆ ಸುತ್ತಿಕೊಂಡ.

"ಬೇಡ, ಕೊಡಲ್ಲ. ಇದು ನನ್ನ ನಾಯಿ. ಇದು ಮಾಡಿದ್ದೂ ನನ್ನದೇ."

ಮಜ್ಜಿಗೆ ಮುಟ್ಟದೆ ಗಾಡಿ ಹತ್ತಿ, ಶಿಡ್ಲಘಟ್ಟದ ಆಸ್ಪತ್ರೆಯ ದಾರಿಗೆ ಎತ್ತುಗಳನ್ನು ತಿರುಗಿಸಿದ. ಅಂಗಳ ದಾಟುವಾಗ ಹಿಂದಿನಿಂದ ಆವಲಪ್ಪನ ದನಿ ಕೇಳಿಸಿತು:

"ಹೋದ್ರೆ ಹೋಗ್ಲಿ ಬಿಡಿ. ಅದರ ಒಡಹುಟ್ಟಿದ್ದು ಯಾವುದಾದ್ರೂ ಇದೆಯಾ?"