ದ್ವೇಷ ಇಳಿಸುವ ಸೂಜಿ

ಕದನ ನಿಂತ ಆ ದೇಶದಲ್ಲಿ ವಿದೇಶಿ ನೆರವಿನ ಶಾಂತಿ ಶಿಬಿರಗಳು ಸೂಜಿ ಚುಚ್ಚಿ ಜನರ ದ್ವೇಷ ಇಳಿಸುತ್ತಿದ್ದವು. ಅದರೊಂದಿಗೆ ದುಃಖವೂ ಹೋಗುತ್ತಿತ್ತು. ಶಿಬಿರದ ಮುಖ್ಯಸ್ಥೆ ನಳಿನಾಕ್ಷಿಗೆ ಮುದುಕಿ ಅಲ್ಮಾಜ್ ತೋಳು ಕೊಡಲಿಲ್ಲ. ಅವಳ ಮಗನನ್ನು ಕೊಂದವನು ಆಗಲೇ ಸೂಜಿ ಹಾಕಿಸಿಕೊಂಡು, ಎದುರಿನ ಬೆಂಚಿನಲ್ಲಿ ಗಂಜಿ ಕುಡಿಯುತ್ತಿದ್ದ.

“ನೀವೊಬ್ರೇ ಉಳಿದಿರೋದು. ನೀವೂ ಒಪ್ಪಿದ್ರೆ ಎರಡೂ ಊರಿನ ನಡುವಿನ ಸೇತುವೆ ತೆರೀತಾರೆ, ಅಮ್ಮ.”

“ನೀನು ಹಾಕಿಸ್ಕೊಂಡಿದೀಯಾ, ಮಗಳೇ?”

“ಹೂಂ. ನಮ್ಮ ಡ್ರೈವರ್ ದಾವಿತ್ ಗುಂಡೇಟಿಗೆ ಸತ್ತ ದಿನ.”

“ಅವನಿಗೋಸ್ಕರ ಅಳಲಿಲ್ವಾ?”

“ಅಳು ಬರಲಿಲ್ಲ.”

“ಅವನ ತಾಯಿ?”

“ಅವರಿಗೂ ನಾನೇ ಚುಚ್ಚಿದೆ.”

ತಾನು ಕಂಡೇ ಇರದ ದಾವಿತನಿಗಾಗಿ ಅಲ್ಮಾಜ್ ಎದೆ ಬಡಿದುಕೊಂಡು ಅತ್ತಳು. ನಳಿನಾಕ್ಷಿ ಸೂಜಿ ಹಿಡಿದು ಕಾದಳು. ಅತ್ತು ಮುಗಿದ ಮೇಲೆ ಮುದುಕಿ, “ಇನ್ನು ಸೇತುವೆ ತೆರೀಲಿ,” ಎಂದು ತಾನಾಗಿಯೇ ತೋಳು ಚಾಚಿದಳು.

ನಳಿನಾಕ್ಷಿ ಚುಚ್ಚಿದಳು. ಆಮೇಲೆ ಅವಳನ್ನು ಗಂಜಿಯ ಬೆಂಚಿಗೆ ಕರೆದೊಯ್ದು ಕೂರಿಸಿದಳು.