ಚಿಕ್ಕ ಧಣಿಗೆ ಅಪ್ಪಣೆ

"ಚಿಕ್ಕ ಧಣಿಗಳು ದಯಮಾಡಿ, ತಮಗೆ ತೊಂದರೆ ಇಲ್ಲ ಅಂದ್ರೆ, ಚುಕ್ಕಾಣೀನ ಒಂಚೂರು..."

ಕ್ಯಾಪ್ಟನ್ ಕುವಾಬಾರಾ ಇಷ್ಟು ಹೇಳುವಷ್ಟರಲ್ಲಿ ಹಡಗು ಶಿನಗಾವಾ ಕೊಲ್ಲಿಯ ದೋಣಿಗಳ ಕಡೆಗೆ ಇನ್ನಷ್ಟು ನುಗ್ಗಿತ್ತು. ಚುಕ್ಕಾಣಿ ಹಿಡಿದಿದ್ದ ಲೆಫ್ಟಿನೆಂಟ್ ಶಿಗೆಮಾಸಾ ಕದಲಲಿಲ್ಲ. ಆಜ್ಞೆ ಪೂರ್ತಿ ಮುಗಿಯುವ ಮೊದಲು ಕೈ ಆಡಿಸಬಾರದೆಂದು ನೌಕಾಶಾಲೆಯಲ್ಲಿ ಅವನಿಗೆ ಕಲಿಸಿದ್ದರು.

ಪಕ್ಕದಲ್ಲಿದ್ದ ಇಂಗ್ಲಿಷ್ ತರಬೇತುದಾರ ಹಣೆ ಚಚ್ಚಿಕೊಂಡ. "ಕ್ಯಾಪ್ಟನ್, ಇದು ಆಜ್ಞೆಯೋ, ಮದುವೆ ಕರೆಯೋಲೆಯೋ? ಬಲಕ್ಕೋ ಎಡಕ್ಕೋ, ಹೇಳಿ ಮುಗಿಸಿ!"

ಮುಗಿಸುವುದು ಹೇಗೆ? ಕುವಾಬಾರಾ ನಾಗಸಾಕಿಯಲ್ಲಿ ಡಚ್ಚರ ಬಳಿ ಹಡಗು ನಡೆಸಲು ಕಲಿತವನು, ಉತ್ತರದ ಕಾಳಗದಲ್ಲಿ ಭುಜಕ್ಕೆ ಗುಂಡು ತಿಂದು ಕ್ಯಾಪ್ಟನ್ ಆದವನು. ಆದರೆ ಅವನಪ್ಪ ಶಿಗೆಮಾಸಾನ ಮನೆಯಲ್ಲಿ ಚಪ್ಪಲಿ ಹೊತ್ತವನು. ಹೊಸ ಸರ್ಕಾರ ಬಂದ ಮೇಲೆ ಧಣಿಗಳ ಸೊಂಟದ ಕತ್ತಿ ಹೋಯಿತು, ತಲೆಯ ಜುಟ್ಟು ಹೋಯಿತು, ಈ ಹಾಳು ನಾಲಿಗೆ ಮಾತ್ರ ನೆಟ್ಟಗಾಗಲಿಲ್ಲ. ಹೋದ ತಿಂಗಳು ಇದೇ ಮರ್ಯಾದೆಯ ದೆಸೆಯಿಂದ ಹಡಗು ಬಂದರಿನ ಕಟ್ಟೆಗೆ ಗುದ್ದಿತ್ತು. ಇನ್ನೊಮ್ಮೆ ಎಲ್ಲಾದರೂ ಗುದ್ದಿದರೆ ಹಡಗು ಕಿತ್ತುಕೊಂಡು ಅವನನ್ನು ಕಲ್ಲಿದ್ದಲಿನ ಉಗ್ರಾಣಕ್ಕೆ ಅಟ್ಟುತ್ತೇವೆಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

"ಒಂಚೂರು ಏನು, ಕ್ಯಾಪ್ಟನ್?" ಶಿಗೆಮಾಸಾನಿಗೂ ಸಾಕುಸಾಕಾಗಿತ್ತು. "ಬೇಗ ಅಪ್ಪಣೆ ಮಾಡಿ!"

"ಅಯ್ಯೋ, ಅಪ್ಪಣೆ ಅನ್ನೋದೆಲ್ಲ ದೊಡ್ಡ ಮಾತು. ತಮ್ಮಂಥವರಿಗೆ ನಾನು... ಏನೋ ಒಂದು ಅರಿಕೆ ಅಂತ..."

"ಅರಿಕೆಗೆಲ್ಲ ಹಡಗು ತಿರುಗಲ್ಲ ಸ್ವಾಮಿ!" ಶಿಗೆಮಾಸಾ ರೇಗಿದ.

ಮುಂದೆ, ಕಡಲಪಾಚಿ ಕೀಳುತ್ತಿದ್ದ ದೋಣಿಯಲ್ಲಿ ಒಬ್ಬಳು ಹೆಂಗಸು ಎದ್ದು ನಿಂತು ಬುಟ್ಟಿ ಬೀಸತೊಡಗಿದಳು. "ಕಣ್ಣು ಕಾಣಲ್ವೇನ್ರೋ, ಸರ್ಕಾರಿ ಕೋಣಗಳಾ!"

ಕುವಾಬಾರಾನ ಬಾಯಿಂದ ಅವನಿಗೇ ಗೊತ್ತಿಲ್ಲದ ಹಾಗೆ ಮಾತು ಸಿಡಿಯಿತು.

"ಬಲಕ್ಕೆ ತಿರುಗಿಸೋ, ಕತ್ತೆ! ಕಿವಿ ಕೇಳಲ್ವೇನೋ? ನನ್ನ ಮನೆ ಅನ್ನ ತಿಂದ್ಕೊಂಡು ನಿಂತಲ್ಲೇ ನಿದ್ದೆ ಹೊಡೀತೀಯಾ, ದಂಡಪಿಂಡ!"

ಚುಕ್ಕಾಣಿ ಗಿರ್ರನೆ ತಿರುಗಿತು. ಹಡಗು ದೋಣಿಯ ಪಕ್ಕದಲ್ಲೇ ಉಜ್ಜಿಕೊಂಡಂತೆ ಸರಿದುಹೋಯಿತು. ಬುಟ್ಟಿಯೊಂದು ನೀರುಪಾಲಾದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

"ಇದಪ್ಪಾ ಆಜ್ಞೆ ಅಂದ್ರೆ!" ಎಂದು ಇಂಗ್ಲಿಷಿನವನು ಚಪ್ಪಾಳೆ ತಟ್ಟಿದ. ಕುವಾಬಾರಾ ಮಾತ್ರ ಬಿಳಿಚಿಕೊಂಡು ನಿಂತಿದ್ದ. ಹಡಗು ಉಳಿದ ಸಂತೋಷಕ್ಕಿಂತ ಆಡಿದ ಮಾತಿನ ಭಯವೇ ಅವನಿಗೆ ಹೆಚ್ಚಾಗಿತ್ತು. ಹುಟ್ಟಿದಾಗಿನಿಂದ ಹೀಗೆ ಬೈಸಿಕೊಂಡು ಗೊತ್ತಿರದ ಶಿಗೆಮಾಸಾ ಕೆಂಪೇರಿದ ಮುಖ ತಿರುಗಿಸಿದ.

"ನಿಮ್ಮನೆ ಅನ್ನ ನಾನ್ಯಾವತ್ತು ತಿಂದಿದ್ದೆ, ಕ್ಯಾಪ್ಟನ್?"

"ಅದು ನನ್ನ ಮಾತಲ್ಲ, ಚಿಕ್ಕ ಧಣಿ," ಕುವಾಬಾರಾ ತಲೆ ತಗ್ಗಿಸಿದ. "ದೊಡ್ಡ ಧಣಿಗಳು ದಿನಾ ನಮ್ಮಪ್ಪನಿಗೆ ಹೇಳ್ತಿದ್ದದ್ದು. ಅಪ್ಪಣೆ ಮಾಡೋದು ಅಂದ್ರೆ ನಂಗೆ ಗೊತ್ತಿರೋದು ಅದೊಂದೇ."