ಲಕ್ಷ್ಮಿಬಾಯಿಯ ಮುಂಜಾನೆಯ ಮದ್ದು

"ಅಳಿಯಂದ್ರ, ಕಣ್ ಮಿಟುಕಿಸಬ್ಯಾಡ್ರಿ" ಎನ್ನುತ್ತ ಹೆಂಡತಿಯ ಅಜ್ಜಿ ಲಕ್ಷ್ಮಿಬಾಯಿ ತೋರುಬೆರಳನ್ನು ವೃಷಭನ ಕಣ್ಣಿನ ಹತ್ತಿರ ತಂದಳು. ಬೆರಳ ತುದಿಯಲ್ಲಿ ಅವಳ ಉಗುಳು ಜೋತಾಡುತ್ತಿತ್ತು. ಹೊಲಿಗೆ ಮಷಿನ್ನಿನ ಮುಂದೆ ಕೂತು ಕೂತು ಒಣಗಿದ ಕಣ್ಣಿಗೆ, ಬಾಯಿ ತೊಳೆಯುವ ಮೊದಲಿನ ಉಗುಳೇ ಮದ್ದು ಎಂಬುದು ಭೋಜ ಹಳ್ಳಿಯ ಆ ಮಾವನ ಮನೆಯ ನಂಬಿಕೆ. ಖರ್ಚೂ ಇಲ್ಲ.

ತೊಂದರೆಯೆಂದರೆ, ಅಜ್ಜಿ ಎದ್ದ ಕೂಡಲೇ ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ ತಿಕ್ಕುತ್ತಿದ್ದಳು. ಉಗುಳು ಸೆಗಣಿ ನೀರಿನ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ನಿನ್ನೆ ರಾತ್ರಿ ತಿಂದ ಕಡಲೆಹಿಟ್ಟಿನ ಝುಣಕದ ಚೂರೊಂದು ತೇಲುತ್ತಿತ್ತು.

"ಆಯಿ, ಡಾಕ್ಟರ್ ಕಡೆ ಹೋಗಿ ಬರ್ತೀನ್ರಿ..." ಎಂದ ವೃಷಭ.

"ನಮ್ಮ ಆಯಿ ಉಗುಳು ನಿಮಗ ಹೇಸಿಗಿ ಆತೇನ್ರಿ?" ಬಾಗಿಲಲ್ಲಿ ನಿಂತ ಹೆಂಡತಿ ರೂಪಾಲಿ ಕೇಳಿದಳು. "ಹಂಗಾರ ನಿಪ್ಪಾಣಿ ಮನಿಗೆ ನೀವೊಬ್ರ ಹೋಗ್ರಿ. ನಾ ಬರಂಗಿಲ್ಲ."

ವೃಷಭ ಕಣ್ಣು ಅಗಲಿಸಿದ. ಬೆರಳಿನಿಂದ ಹನಿ ಜಾರತೊಡಗಿತು. ಅವನು "ವ್ಯಾಕ್" ಎಂದದ್ದೇ ತಡ, ತಿಂಗಳುಗಟ್ಟಲೆ ಒಣಗಿದ್ದ ಎರಡೂ ಕಣ್ಣಿನಿಂದ ನೀರು ಸುರಿದು ಅಂಗಿ ತೋಯ್ದಿತು.

ಲಕ್ಷ್ಮಿಬಾಯಿ ಬೆರಳನ್ನು ವಾಪಸ್ ಬಾಯಿಗಿಟ್ಟು ಚೀಪಿದಳು.

"ನೋಡ್ ರೂಪಾಲಿ, ಹಚ್ಚೂ ಮೊದಲ ಗುಣ ಆತು. ಅಳಿಯಂದ್ರು ಇನ್ನೊಂದ್ ವಾರ ಇಲ್ಲೇ ಇರ್ಲಿ."